ಪಡುವಣ ಬಾಲ್ಕನಿ ವಿಜಯ

ಕಲಿಯುಗದ ಪ್ರಥಮ ಪಾದದಲ್ಲಿ, ಜಂಬೂದ್ವೀಪದಲ್ಲಿ, ಭರತಖಂಡದಲ್ಲಿ, ಗೋದಾವರಿಯ ದಕ್ಷಿಣಕ್ಕೆ ಸಾಕಷ್ಟು ದೂರದಲ್ಲಿ, ಧಾರವಾಡವೆಂಬ ಪಟ್ಟಣದ ಸುಭಾಷ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಡೆದ ಘೋರ ಸಂಗ್ರಾಮವನ್ನು ಹೇಳಹೊರಟಿದ್ದೇನೆ. ಅಷ್ಟದಿಕ್ಪಾಲಕರು ಕಿವಿಗೊಡಬೇಕು. ಅವರಲ್ಲಿಯೂ ಮೂಡಣವನ್ನು ಕಾಯುವ ಇಂದ್ರನೂ ಪಡುವಣವನ್ನು ಆಳುವ ವರುಣನೂ ತುಸು ಮುಂದೆ ಬಂದು ಕೂಡಬೇಕು. ಜಗಳ ಹುಟ್ಟಿದ್ದು ಅವರಿಬ್ಬರ ಸೀಮೆಗಳ ವಿಷಯವಾಗಿ. ಉಳಿದ ಆರು ಮಂದಿಗೆ ಇದರಲ್ಲಿ ಹೆಚ್ಚಿನ ಕೆಲಸವಿಲ್ಲ. ಆದರೂ ಬಂದವರನ್ನು ಎಬ್ಬಿಸಿ ಕಳಿಸುವುದು ನಮ್ಮ ಕಡೆಯ ಪದ್ಧತಿಯಲ್ಲ.

ಈ ಗಾಥೆಯ ನಾಯಕನು ಭೂಪಟಪಾರಂಗತನೂ ಅಕ್ಷಾಂಶರೇಖಾಂಶಕೋವಿದನೂ ಮಾನ್ಸೂನ್‌ಮಾರುತಮರ್ಮಜ್ಞನೂ ಆದ ಜಯತೀರ್ಥರಾವ್ ಹೊನವಾಡನು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಖಂಡಗಳೆಲ್ಲ ಅವನ ಬೆತ್ತದ ತುದಿಗೆ ನಡುಗುತ್ತಿದ್ದ ಕಾಲವೊಂದಿತ್ತು. ಆಫ್ರಿಕವನ್ನು ತಪ್ಪು ಬರೆದ ಹುಡುಗರು ಇಂದಿಗೂ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ದಿಕ್ಕು ತಿಳಿಯದೆ ಅವನು ಊಟಕ್ಕೂ ಕೂಡುವವನಲ್ಲ. ಹಿತ್ತಾಳೆಯ ದಿಕ್ಸೂಚಿಯೊಂದು ಅಂಗಿಯ ಕಿಸೆಯಲ್ಲಿ, ಬೇರೆಯವರಿಗೆ ಬೀಗದ ಕೈ ಇರುವಂತೆ, ಸದಾ ಇರುತ್ತಿತ್ತು.

ಅವನ ಎದುರಾಳಿ ಮಿತಭಾಷಿಣಿಯೂ ದೀರ್ಘಸ್ಮರಣಶಾಲಿನಿಯೂ ಆದ ಸಿಂಧೂಬಾಯಿ, ಅವನ ಧರ್ಮಪತ್ನಿ. ಅವಳ ಆಯುಧಶಾಲೆಯಲ್ಲಿ ದಿಕ್ಸೂಚಿಯೂ ಇಲ್ಲ, ಭೂಪಟವೂ ಇಲ್ಲ. ಇದ್ದದ್ದು ನೆನಪು ಮಾತ್ರ. ಅದಕ್ಕೆ ತುಕ್ಕು ಹಿಡಿಯುವುದಿಲ್ಲವೆಂಬುದನ್ನು ಮನೆಯಲ್ಲಿ ಎಲ್ಲರೂ ಬಲ್ಲರು.

ಪ್ರಸಂಗವಿಷ್ಟು. ನಾಯಕನಿಗೆ ಎಪ್ಪತ್ತು ತುಂಬುತ್ತಲಿತ್ತು. ಭೀಮರಥ ಶಾಂತಿ ಮಾಡಿಸಿ ಊರಿಗೆಲ್ಲ ಊಟ ಹಾಕುವ ಬದಲು ಹಡಗಿನಲ್ಲಿ ಹೋಗಿ ಬರೋಣವೆಂದು ಸಿಂಧೂಬಾಯಿ ಸೂಚಿಸಿದಳು. ಸಂಸಾರದ ಇತಿಹಾಸದಲ್ಲಿ ಪ್ರವಾಸದ ಸೂಚನೆ ಅವಳ ಕಡೆಯಿಂದ ಬಂದದ್ದು ಅದೇ ಮೊದಲು. ಅಡಿಗೆಯವರ ಸಂಗಡ ಮಾತಾಡುವುದಕ್ಕಿಂತ ಸಮುದ್ರವನ್ನು ದಾಟುವುದು ಸುಲಭವೆಂದು ಮನಗಂಡ ನಾಯಕನು ಕೂಡಲೇ ಒಪ್ಪಿದನು. ಮುಂಬಯಿಯಿಂದ ಕೊಚ್ಚಿಗೆ ಹಡಗು, ಕೊಚ್ಚಿಯಿಂದ ತಿರುಗಿ ರೈಲು. ಹೀಗೆ ನಿಶ್ಚಯವಾಗಿ ಒಂದು ಮಧ್ಯಾಹ್ನ ಇಬ್ಬರೂ ಮಹಡಿಯ ಮೆಟ್ಟಿಲೇರಿ ಬಸವಂತಪ್ಪ ಕಲಘಟಗಿಯ ಟ್ರಾವೆಲ್ಸ್ ಕಚೇರಿಯನ್ನು ಪ್ರವೇಶಿಸಿದರು.

ಯಾತ್ರಾವಿಕ್ರಯಧುರಂಧರನಾದ ಆ ಕಲಘಟಗಿಯು ಮೊದಲು ಕಿಟಕಿಯೇ ಇಲ್ಲದ ಒಳಗಿನ ಕೋಣೆಯೊಂದನ್ನು ತೋರಿಸಿದನು. ಅದನ್ನು ದಂಪತಿಗಳು ಒಂದೇ ಉಸಿರಿನಲ್ಲಿ, ಒಂದೇ ಕೈಯಾಡಿಸುವಿಕೆಯಲ್ಲಿ ತಳ್ಳಿಹಾಕಿದರು. ಅಂಥ ಏಕಮತವನ್ನು ಕಂಡು ಕಲಘಟಗಿಗೆ ಸಂತೋಷವಾಯಿತು. ಅದೇ ಕೊನೆಯ ಏಕಮತವೆಂದು ಅವನಿಗೇನು ಗೊತ್ತು. ಅವನು ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹರವಿ, ಬಾಲ್ಕನಿಯಿರುವ ಕೋಣೆಗಳಲ್ಲಿ ಎರಡೇ ಉಳಿದಿವೆ, ಒಂದು ಎಡಕ್ಕೆ, ಒಂದು ಬಲಕ್ಕೆ, ಯಾವುದಾದರೂ ಈ ಸಂಜೆಯೊಳಗೆ ಹೇಳಬೇಕು ಎಂದು ಅರುಹಿದನು.

ಆಗ ನಾಯಕನು ಕುರ್ಚಿಯಲ್ಲಿ ನೆಟ್ಟಗೆ ಕುಳಿತನು. ಎದೆ ಒಂದಂಗುಲ ಹಿಗ್ಗಿತು. ಚಷ್ಮದ ಗಾಜುಗಳಲ್ಲಿ ಟ್ಯೂಬ್‌ಲೈಟು ಎರಡು ಖಡ್ಗಗಳಂತೆ ಮಿಂಚಿತು. ಅವನ ಅಂತರಂಗದಲ್ಲಿ ಮೊಳಗಿದ ವೀರವಾಣಿಯನ್ನು ಬರೆದಿಡುವುದಾದರೆ ಅದು ಹೀಗಿದ್ದಿತು: ಎಲೈ ನೌಕಾಮಧ್ಯಸ್ಥನೇ, ಉತ್ತರದಿಂದ ದಕ್ಷಿಣಾಭಿಮುಖವಾಗಿ ಚಲಿಸುವ ನಾವೆಯ ವಾಮಪಾರ್ಶ್ವವು ಪೂರ್ವದಿಕ್ಕನ್ನೇ ನೋಡುತ್ತದೆಂಬುದು ಗಣಿತಸಿದ್ಧವಾದ ಸತ್ಯವು, ಉದಯಿಸುವ ದಿನಮಣಿಗೆ ಅರ್ಘ್ಯವೀಯದೆ ತುತ್ತೆತ್ತದ ವಂಶದಲ್ಲಿ ಹುಟ್ಟಿದ ನಾನು ಅನ್ಯಪಾರ್ಶ್ವದ ಹೆಸರನ್ನು ಕೂಡ ಕೇಳಲಾರೆನು. ಬಾಯಿಂದ ಹೊರಬಿದ್ದದ್ದು ಮಾತ್ರ ಇಷ್ಟು:

“ಎಡಗಡೀದು ಬರಕೊಳ್ರಿ.”

ಕಲಘಟಗಿಯು ಪೆನ್ನು ಎತ್ತಿದನು. ಸಿಂಧೂಬಾಯಿಯು ತನ್ನ ಚೀಲದ ಝಿಪ್ಪನ್ನು ಎಳೆದು ಮುಚ್ಚಿದಳು. ಅದೇ ಯುದ್ಧಾರಂಭದ ಶಂಖನಾದವೆಂದು ಬಲ್ಲವರು ತಿಳಿಯಬೇಕು.

“ಬಲಗಡೀದು ಇರಲಿ,” ಎಂದಳು.

ಪೆನ್ನು ಗಾಳಿಯಲ್ಲಿಯೇ ನಿಂತಿತು.

ನಾಯಕನು ಇದನ್ನು ದ್ರೋಹವೆಂದು ಭಾವಿಸಲಿಲ್ಲ. ಭೂಗೋಳದ ಅಜ್ಞಾನವೆಂದು ಭಾವಿಸಿದನು. ಅಜ್ಞಾನಕ್ಕೆ ಅವನಲ್ಲಿ ಔಷಧವಿತ್ತು. ಕಿಸೆಯಿಂದ ದಿಕ್ಸೂಚಿಯನ್ನು ತೆಗೆದು, ವಜ್ರಾಯುಧವನ್ನು ಇಳಿಸುವಂಥ ಗಾಂಭೀರ್ಯದಿಂದ ನಕ್ಷೆಯ ನಡುವೆ ಇಟ್ಟನು. ಮುಳ್ಳು ತೂರಾಡಿತು, ಅಡ್ಡಾಡಿತು, ಕೊನೆಗೆ ಕಲಘಟಗಿಯ ಹೊಟ್ಟೆಯನ್ನು ತೋರಿಸುತ್ತ ನಿಂತಿತು. ಉತ್ತರ ದಿಕ್ಕು ಅಲ್ಲಿರಲಿಲ್ಲ. ಮೇಜು ಕಬ್ಬಿಣದ್ದಾಗಿತ್ತು, ಅದರ ಖಾನೆಯಲ್ಲಿ ಇನ್ನಷ್ಟು ಕಬ್ಬಿಣವಿತ್ತು. ಕಾರಣವನ್ನು ಕ್ಷಣಾರ್ಧದಲ್ಲಿ ಗ್ರಹಿಸಿದ ನಾಯಕನು ದಿಕ್ಸೂಚಿಯನ್ನು ಅಂಗೈಯಲ್ಲೆತ್ತಿಕೊಂಡು ಎದ್ದು, ಬಾಗಿಲವರೆಗೆ ನಡೆದು, ಅಲ್ಲಿಂದ ಕೈ ಚಾಚಿ ನಿಜವಾದ ಪೂರ್ವವನ್ನು ತೋರಿಸಿದನು. ಅಲ್ಲಿ ಬೇಕರಿಯೊಂದಿತ್ತು. ಸೂರ್ಯನು ಆ ಬೇಕರಿಯ ಕಡೆ ಹುಟ್ಟುತ್ತಾನೆಂದೂ, ಹಡಗು ಈ ಮೆಟ್ಟಿಲುಗಳ ಕಡೆ ಮುಖಮಾಡಿ ಹೋಗುತ್ತದೆಂದೂ, ಆದ್ದರಿಂದ ಎಡಗೈ ಕಡೆಯ ಕೋಣೆಯೇ ಮೂಡಣದ ಕೋಣೆಯೆಂದೂ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದನು.

“ಗೊತ್ತದ,” ಎಂದಳು ಸಿಂಧೂಬಾಯಿ. “ಅದಕ್ಕ ಬಲಗಡೀದು ಅಂದೆ. ಎಡಕ್ಕ ಏನ ಕಾಣ್ತದ್ರೀ? ರತ್ನಾಗಿರಿ, ಗೋವಾ, ಕಾರವಾರ. ಕಾರವಾರಕ್ಕ ಬಸ್ ಅವ.”

ಈ ಬಾಣವು ನಾಯಕನ ಕವಚವನ್ನು ಸೀಳಲಿಲ್ಲವಾದರೂ ಕಲಘಟಗಿಯನ್ನು ನಗಿಸಿತು. ರಣರಂಗದಲ್ಲಿ ಮೂರನೆಯವನ ನಗೆ ಬಹಳ ಕೆಟ್ಟದ್ದು. ಕೆರಳಿದ ನಾಯಕನು ಮರಳಿ ಬಂದು ಕುಳಿತು, ತನ್ನ ಕುಲದ ಪರಾಕ್ರಮವನ್ನು ಹೊಗಳಿಕೊಳ್ಳಲು ತೊಡಗಿದನು. ಮಾಳಮಡ್ಡಿಯಲ್ಲಿ ಬಾಡಿಗೆಗೆ ಇದ್ದ ಮನೆ ಪೂರ್ವಾಭಿಮುಖವಾಗಿತ್ತು. ವರ್ಗವಾಗಿ ಹೋದ ನವಲಗುಂದದ ಮನೆಯೂ ಪೂರ್ವಾಭಿಮುಖವಾಗಿತ್ತು. ಕೊನೆಗೆ ಸ್ವಂತಕ್ಕೆಂದು ಕಟ್ಟಿಸಿದ ಮನೆಯನ್ನಂತೂ, ಸೈಟು ಪಶ್ಚಿಮಕ್ಕಿದ್ದರೂ, ಗೋಡೆ ಕಟ್ಟುವ ಗವಂಡಿಯೊಡನೆ ವಾದಿಸಿ, ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿ, ಬಂದವರೆಲ್ಲ ಸುತ್ತು ಹಾಕಿಯೇ ಒಳಗೆ ಬರುವಂತೆ ಮಾಡಿ, ಪೂರ್ವಾಭಿಮುಖವಾಗಿಸಿದ್ದನು. ಈ ಎಲ್ಲ ಮನೆಗಳಲ್ಲಿ ಸುಖವೇ ಇತ್ತಲ್ಲವೇ ಎಂದು ಅವನು ಕೇಳಿದನು.

ಯುದ್ಧಶಾಸ್ತ್ರವನ್ನು ಬಲ್ಲವರು ಇಲ್ಲಿ ನಿಟ್ಟುಸಿರು ಬಿಡಬಹುದು. ಶತ್ರುವಿನ ಮುಂದೆ ಮನೆಗಳ ಮಾತು ಎತ್ತಬಾರದಿತ್ತು. ಪೂರ್ವಕ್ಕೆ ಬಾಗಿಲಿಟ್ಟ ಪ್ರತಿಯೊಂದು ಮನೆಗೂ ಪಶ್ಚಿಮದ ಗೋಡೆಯೊಂದಿರುತ್ತದೆ, ಆ ಗೋಡೆಗೆ ಹತ್ತಿ ಒಲೆಯಿರುತ್ತದೆ, ಒಲೆಯ ಮುಂದೆ ಒಬ್ಬರು ನಿಂತಿರುತ್ತಾರೆ. ಇದು ಭೂಗೋಳದ ಪುಸ್ತಕದಲ್ಲಿ ಬರುವುದಿಲ್ಲ.

ಸಿಂಧೂಬಾಯಿಯು ಧ್ವನಿಯೇರಿಸಲಿಲ್ಲ.

“ಹುಟ್ಟೋ ಸೂರ್ಯನ್ನ ನಾ ದಿನಾ ನೋಡೀನ್ರಿ, ಅಂಗಳಕ್ಕ ನೀರು ಹಾಕ್ಕೋತ. ಮುಳಗೋದ ನೋಡಿಲ್ಲ. ಆ ಹೊತ್ತಿಗೆ ನಿಮಗ ಅವಲಕ್ಕಿ ಹಚ್ಚತಿರತೇನಿ. ಗೋಕರ್ಣಕ್ಕ ಹೋದಾಗ ಒಂದ ಸಲ ಸಮುದ್ರದಾಗ ಮುಳಗೋದು ನೋಡೋಣು ಅಂತ ಕೂತೆ. ಕತ್ತಲಾಗೋದ್ರಾಗ ಘಟ್ಟ ಹತ್ತಬೇಕು, ಏಳು, ಅಂತ ಎಬ್ಬಿಸಿದ್ರಿ. ಸೂರ್ಯ ಇನ್ನೂ ಇಷ್ಟು ಮ್ಯಾಲಿದ್ದ.”

ಹೀಗೆಂದು ಅವಳು ಮೇಜಿನಿಂದ ಮೊಳದಷ್ಟು ಮೇಲೆ ಕೈ ಹಿಡಿದು ತೋರಿಸಿದಳು. ಆ ಕೈ ಅಲ್ಲಿಯೇ ತುಸು ಹೊತ್ತು ನಿಂತಿತು. ಕಲಘಟಗಿಯು ನಕ್ಷೆಯನ್ನು ಓದುವವನಂತೆ ತಲೆ ತಗ್ಗಿಸಿದನು.

ನಾಯಕನ ಸೇನೆಯಲ್ಲಿ ಆಗ ತಲ್ಲಣವುಂಟಾಯಿತು. ಘಟ್ಟದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಅಂದು ದೇವಿಮನೆ ಘಾಟಿನಲ್ಲಿ ಮಂಜು ಇತ್ತೆಂಬುದನ್ನು ಅವನು ಇಂದಿಗೂ ಪ್ರಮಾಣಪೂರ್ವಕ ಹೇಳಬಲ್ಲನು. ಆದರೆ ಮಂಜಿನ ಮಾತು ಅವನ ನಾಲಗೆಯವರೆಗೆ ಬಂದು ಹಿಂದಿರುಗಿತು. ಹಿಮ್ಮೆಟ್ಟುವುದೋ ಬಿಡುವುದೋ ಎಂಬ ಆ ಗಳಿಗೆಯಲ್ಲಿ ಅವನು ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಈ ಗಾಥೆ ಇಲ್ಲಿಗೇ ಮುಗಿದು, ಅವನಿಗೆ ಮರ್ಯಾದೆಯೂ ಉಳಿಯುತ್ತಿತ್ತು. ವೀರರಿಗೆ ಅದು ತಿಳಿಯುವುದಿಲ್ಲ. ಅವನು ಎಲ್ಲ ದುರ್ಗಗಳೂ ಬಿದ್ದ ಮೇಲೆ ಹೊಗಬೇಕಾದ ಕಟ್ಟಕಡೆಯ ದುರ್ಗವನ್ನು ಹೊಕ್ಕನು. ಅದು ಧರ್ಮ.

ಸ್ವರವನ್ನು ಮಂದ್ರಕ್ಕಿಳಿಸಿ, ಇದು ನೋಟದ ಪ್ರಶ್ನೆಯಲ್ಲವೆಂದು ಹೇಳಿದನು. ನೋಟವೇನು, ಎರಡೂ ಕಡೆ ನೀರೇ. ಪ್ರಶ್ನೆ ಇರುವುದು ಅರ್ಘ್ಯದ್ದು. ಬೆಳಗಿನ ಜಾವ ಸ್ನಾನ ಮಾಡಿ ಮಡಿಯಲ್ಲಿ ನಿಂತ ಮನುಷ್ಯನು ಪೂರ್ವವನ್ನು ಹುಡುಕಿಕೊಂಡು ಹಡಗಿನ ತುಂಬ ತಿರುಗಬೇಕೇ? ಕಂಡವರಿಂದೆಲ್ಲ ಮುಟ್ಟಿಸಿಕೊಳ್ಳಬೇಕೇ? ಆಮೇಲೆ ಕಲಘಟಗಿಯ ಕಡೆ ತಿರುಗಿ, ಸಾಕ್ಷಿಗೆಂಬಂತೆ, ತನ್ನ ಜೀವಮಾನದ ಕೀರ್ತಿಧ್ವಜವನ್ನು ನೆಟ್ಟನು:

“ಮುಂಜಿವಿ ಆದಾಗಿಂದ ಸಂಧ್ಯಾವಂದನಿ ಒಂದ ದಿನಾ ತಪ್ಪಿಸಿಲ್ರಿ ನಾ.”

ಕಲಘಟಗಿಯು ಭಯಭಕ್ತಿಯಿಂದ ಕೈ ಮುಗಿದನು.

“ಸಂಜೀದು?” ಎಂದಳು ಸಿಂಧೂಬಾಯಿ.

ಮಹಾಸಮರಗಳಲ್ಲಿ ದೇವತೆಗಳೂ ಕಣ್ಣು ಮುಚ್ಚಿಕೊಳ್ಳುವ ಕ್ಷಣವೊಂದಿರುತ್ತದೆ. ಇದು ಅದು. ತಿಳಿಯದವರಿಗಾಗಿ ಹೇಳಬೇಕೆಂದರೆ, ಸಂಧ್ಯಾವಂದನೆಯು ಬೆಳಿಗ್ಗೆ ಒಂದು ಸಲ ಮಾಡಿ ಮುಗಿಸುವ ಕರ್ಮವಲ್ಲ. ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ಅರ್ಘ್ಯ ಕೊಟ್ಟಂತೆ, ಸಂಜೆ ಸೂರ್ಯನು ಇನ್ನೂ ಕಾಣುತ್ತಿರುವಾಗಲೇ ಪಶ್ಚಿಮಕ್ಕೆ ಮುಖ ಮಾಡಿ ಕೊಡಬೇಕು. ನಾಯಕನ ಸಂಜೆಗಳು ಹೇಗೆ ಕಳೆಯುತ್ತಿದ್ದವೆಂಬುದು ಧಾರವಾಡದಲ್ಲಿ ಗುಟ್ಟೇನಲ್ಲ. ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಿವೃತ್ತರ ಬಳಗದೊಡನೆ ಸುತ್ತು, ಆಮೇಲೆ ಕಟ್ಟೆಯ ಮೇಲೆ ಕೂತು ಮಳೆಯ ಮುನ್ಸೂಚನೆ, ಆಮೇಲೆ ಮನೆ, ಅವಲಕ್ಕಿ, ವಾರ್ತೆ. ಸಾಯಂಸಂಧ್ಯೆಯು ನೌಕರಿಯ ದಿನಗಳಲ್ಲಿಯೇ, ಶಾಲೆಯ ಸಭೆಗಳ ನಿಮಿತ್ತ, ಸದ್ದಿಲ್ಲದೆ ಬಿಟ್ಟುಹೋಗಿತ್ತು. ಸಭೆಗಳು ನಿಂತವು. ಸಂಧ್ಯೆ ಮರಳಲಿಲ್ಲ.

ನಾಯಕನು ಅಂಗೈಯಲ್ಲಿದ್ದ ದಿಕ್ಸೂಚಿಯನ್ನು ಇನ್ನೊಮ್ಮೆ ನೋಡಿದನು.

“ಸಂಜೀ ಅರ್ಘ್ಯ ಯಾವ ಕಡೆ ಮಾರಿ ಮಾಡಿ ಕೊಡಬೇಕ್ರಿ?” ಎಂದು ಅವಳು ಮತ್ತೆ ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದವಳಂತೆ ಕೇಳಿದಳು.

“ಅದು ಎರಡೂ ಹೊತ್ತು ಇರತೈತೇನ್ರಿ ಸರ?” ಎಂದನು ಕಲಘಟಗಿ. ಅವನಲ್ಲಿ ದುರುದ್ದೇಶವೇನೂ ಇರಲಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯಿತ್ತು, ಅಷ್ಟೇ. ಬಿದ್ದ ವೀರನ ಮೇಲೆ ಆನೆ ನಡೆಯುವಾಗ ಆನೆಗೂ ದುರುದ್ದೇಶವಿರುವುದಿಲ್ಲ.

ಕೆಳಗೆ ರಸ್ತೆಯಲ್ಲಿ ಆಟೋಗಳು ಹಾರ್ನು ಹಾಕಿದವು. ಫ್ಯಾನು ತಿರುಗಿತು. ನಾಯಕನು ದಿಕ್ಸೂಚಿಯ ಮುಚ್ಚಳವನ್ನು ಮುಚ್ಚಿ, ಅಂಗಿಯ ಕಿಸೆಗೆ ಇಳಿಸಿ, ಮೂಡಣದ ಸಾಮ್ರಾಜ್ಯವನ್ನು ಬಿಟ್ಟುಕೊಡುವ ಚಕ್ರವರ್ತಿಯ ಘನತೆಯಿಂದ ಗಂಟಲು ಸರಿಮಾಡಿಕೊಂಡನು.

“ಬಲಗಡೀದು ಬರಕೊಳ್ರಿ.”

ಬೆಳಗಿನ ಅರ್ಘ್ಯಕ್ಕೆ ಹಡಗಿನ ಮೇಲ್ಗಡೆ ಬಯಲು ಅಟ್ಟವಿದೆ, ಅಷ್ಟು ಹೊತ್ತಿಗೆ ಅಲ್ಲಿ ಯಾರೂ ಏಳುವುದಿಲ್ಲ, ಮುಟ್ಟಿಸಿಕೊಳ್ಳುವ ಭಯವಿಲ್ಲ ಎಂದು ಕಲಘಟಗಿಯು ಗಾಯಕ್ಕೆ ಎಣ್ಣೆ ಹಚ್ಚಿದನು. ದಂಪತಿಗಳು ಮೆಟ್ಟಿಲಿಳಿದರು. ಅಂದಿನ ಸಂಜೆ ನಾಯಕನು ಮೈದಾನಕ್ಕೆ ಹೋಗಲಿಲ್ಲವೆಂದೂ, ಕಪಾಟಿನಿಂದ ಹಳೆಯ ಪಂಚಪಾತ್ರೆಯನ್ನು ತೆಗೆದು ಹುಣಸೆಹಣ್ಣಿನಿಂದ ತಿಕ್ಕಿದನೆಂದೂ ಹೇಳುತ್ತಾರೆ.

ಇನ್ನು ಸಮುದ್ರಯಾನ. ಮುಂಬಯಿ ಬಂದರಿನಿಂದ, ಏಳಂತಸ್ತಿನ ಅರಮನೆಯೊಂದು ಬುಡಸಹಿತ ಹೊರಟಂತೆ, ಹಡಗು ಹೊರಟಿತು. ನಾಯಕನು ದಿಕ್ಸೂಚಿಯನ್ನು ನೋಡಲಿಲ್ಲವೆಂದರೆ ಸುಳ್ಳಾದೀತು. ನೋಡಿದನು, ಲೆಕ್ಕ ಸರಿಯಾಗಿತ್ತು. ಯಾವ ಬಾಲ್ಕನಿಗಾಗಿ ಸುಭಾಷ ರಸ್ತೆ ಕಂಪಿಸಿತೋ, ಯಾವುದಕ್ಕಾಗಿ ಇಂದ್ರವರುಣರು ಎದುರುಬದುರಾದರೋ ಆ ಬಾಲ್ಕನಿಯು, ಧಾರವಾಡದ ಮನೆಯ ಬಚ್ಚಲಿನ ಅಳತೆಗಿಂತ ತುಸು ಕಡಿಮೆಯಿತ್ತು. ಎರಡು ಕುರ್ಚಿಗಳು, ಅವುಗಳ ಮುಂದೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಆಮೇಲೆ ಕಟಕಟೆ, ಆಮೇಲೆ ಅರಬ್ಬೀ ಸಮುದ್ರ.

ಸಂಜೆಯಾಯಿತು. ನಾಯಕನು ಸ್ನಾನ ಮಾಡಿ, ಮಡಿಯುಟ್ಟು, ಮುದ್ರೆ ಧರಿಸಿ, ಪಂಚಪಾತ್ರೆ ಹರಿವಾಣಗಳನ್ನು ಹಿಡಿದು ಬಾಲ್ಕನಿಗೆ ಬಂದನು. ಮೈಗೆ ತಾಕದಂತೆ ಸಿಂಧೂಬಾಯಿಯು ಕುರ್ಚಿಯನ್ನು ಹಿಂದಕ್ಕೆ, ಬಾಗಿಲಿಗೆ ಹತ್ತುವಷ್ಟು ಎಳೆದುಕೊಂಡು ಕುಳಿತಳು. ಅವನು ಕಟಕಟೆಯ ಮುಂದೆ, ಪಶ್ಚಿಮಾಭಿಮುಖವಾಗಿ, ಇಷ್ಟು ವರ್ಷಗಳ ಸಾಲವನ್ನೆಲ್ಲ ಒಂದೇ ಸಲ ತೀರಿಸುವವನಂತೆ ವಿಸ್ತಾರವಾಗಿ ನಿಂತನು. ವಯಸ್ಸಿನಲ್ಲಿ ಅವನ ದೇಹವೂ ವಿಸ್ತಾರವಾಗಿತ್ತು. ಗಾಳಿಗೆ ಉತ್ತರೀಯವು ಹಾಯಿಯಂತೆ ಉಬ್ಬಿತು. ಕೆಂಪಾದ ಸೂರ್ಯನು ನೀರಿನ ಅಂಚನ್ನು ಮುಟ್ಟಿದನು. ನಾಯಕನು ಬೊಗಸೆ ಎತ್ತಿದನು. ಮೊದಲನೆಯ ಅರ್ಘ್ಯ ಹರಿವಾಣಕ್ಕೆ ಬಿತ್ತು, ಎರಡನೆಯದೂ ಬಿತ್ತು.

“ರೀ,” ಎಂದಳು ಹಿಂದಿನಿಂದ ಸಿಂಧೂಬಾಯಿ, “ಒಂಚೂರ ಸರೀರಿ. ನಿಮ್ಮ ಬೆನ್ನ ಕಾಣಸ್ಲಿಕತ್ತದ.”

ಮಂತ್ರದ ನಡುವೆ ಮಾತಾಡಕೂಡದು. ಆದ್ದರಿಂದ ಭೂಪಟಪಾರಂಗತನೂ ಅಕ್ಷಾಂಶರೇಖಾಂಶಕೋವಿದನೂ ಆದ ಜಯತೀರ್ಥರಾವ್ ಹೊನವಾಡನಿಗೆ ವಾದಿಸುವ ಉಪಾಯವಿರಲಿಲ್ಲ. ಅವನು ಬೊಗಸೆಯ ನೀರು ಚೆಲ್ಲದಂತೆ, ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಪಕ್ಕದ ಕೋಣೆಯ ತಡಿಕೆಗೆ ಭುಜವೊತ್ತಿ, ಒಂದು ಗೇಣು ಸರಿದನು.

ಅಷ್ಟರಲ್ಲಿ ಸೂರ್ಯನು ಮುಕ್ಕಾಲು ಹೋಗಿದ್ದನು. ಹೆಚ್ಚಿದ ನಿಂಬೆಹೋಳಿನಷ್ಟು ಉಳಿದಿದ್ದನು. ಅದು ಮುಳುಗುವವರೆಗೆ ಅವಳು ನೋಡಿದಳು.

“ಹೋತು,” ಎಂದು, ಕಾಲಿಗೆ ಚಪ್ಪಲಿ ಹುಡುಕತೊಡಗಿದಳು.