ಕೊಪ್ಪದಲ್ಲಿ ಒಡೆದ ಕಣ

ಸಾವಿನ ಸುದ್ದಿಯನ್ನು ಹಿಗ್ಗಿ ಹೇಳುವ ಮನುಷ್ಯರನ್ನು ನೀವು ಕಂಡಿದ್ದೀರಾ? ನಮ್ಮ ಕೊಪ್ಪದಲ್ಲಿದ್ದಾರೆ. ವಾಚ್ ರಿಪೇರಿಯ ಸಾಹೇಬರು.

ಬಾಳಗಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಅವರ ಫೋನ್ ಬಂತು.

“ಹೋಯ್ತು ಮೇಷ್ಟ್ರೇ. ನನ್ನ ಕಣ್ಣೆದುರಿಗೇ ಹೋಯ್ತು. ಬೇಗ ಬನ್ನಿ.”

ಅವರ ವಯಸ್ಸಾದ ತಾಯಿಯ ಜೀವವೇ ಹೋಯಿತೆಂದುಕೊಂಡೆ. ಪಾಠ ನಿಲ್ಲಿಸಿ, ನಾಲ್ಕು ಜನಕ್ಕೆ ಸುದ್ದಿ ಮುಟ್ಟಿಸಿ ಓಡಿದೆ. ನೋಡಿದರೆ, ಆ ತಾಯಿ ಅಂಗಡಿಯ ಮುಂದೆಯೇ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾರೆ.

“ಯಾರ್ರೀ ಹೋದದ್ದು?”

“ಕಣ ಮೇಷ್ಟ್ರೇ. ಒಡೆದು ಎರಡಾಯ್ತು. ನೋಡಿ, ಎರಡು ಗೆರೆ,” ಎಂದು ಸಾಹೇಬರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು.

ಯುರೋಪಿನ ಒಂದು ಸುರಂಗದಲ್ಲಿ ಪರಮಾಣುವಿನೊಳಗಿನ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರಂತೆ. ಕೋಟ್ಯಂತರ ಡಿಕ್ಕಿಗಳಲ್ಲಿ ಎಲ್ಲೋ ಒಮ್ಮೆ ಒಂದು ಕಣ ಬಲು ಅಪರೂಪದ ರೀತಿಯಲ್ಲಿ ಒಡೆಯುತ್ತದಂತೆ. ಜನರೂ ಹುಡುಕಲಿ ಎಂದು ಅಲ್ಲಿಯ ವಿಜ್ಞಾನಿಗಳು ಇಂಟರ್‌ನೆಟ್ಟಿಗೆ ಹಾಕಿದ ಚಿತ್ರಗಳಲ್ಲಿ ಸಾಹೇಬರು ಅದನ್ನೇ ಹುಡುಕುತ್ತಿದ್ದರು. ಮೂರು ವರ್ಷದಿಂದ, ಯಾರಿಗೂ ಹೇಳದೆ!

ಮಧ್ಯಾಹ್ನದ ಬಸ್ಸಿಗೆ ನರಸಿಂಹರಾಜಪುರದಿಂದ ಅವರ ತಂಗಿ ಗೋಳಾಡುತ್ತ ಬಂದಿಳಿದರು. ತಾಯಿ ಗಾಬರಿಯಿಂದ ಎದ್ದು, “ಯಾರು ತೀರಿಹೋದ್ರೇ ಮಗಳೇ?” ಎಂದರು.

ಸಾಹೇಬರಿಗೆ ಅದಾವುದರ ಪರಿವೆ? ಚಿತ್ರವನ್ನು ವಿಜ್ಞಾನಿಗಳಿಗೆ ಕಳಿಸಿದರು. ಗೋಡೆ ಗಡಿಯಾರಕ್ಕೆ ಸೆಲ್ ಕೇಳಲು ಬಂದ ಶೃಂಗೇರಿಯವರೊಬ್ಬರನ್ನು ಕೂರಿಸಿಕೊಂಡು ಪಾಠ ಹೇಳಿ, ಎರಡು ಬಸ್ಸು ತಪ್ಪಿಸಿದರು. ಮೂರನೆಯದಕ್ಕೆ ಅವರು ಸೆಲ್ಲನ್ನೂ ಬಿಟ್ಟು ಓಡಿದರು.

ಕೊನೆಗೆ ಉತ್ತರ ಬಂತು. ಓದಿ ಹೇಳಲು ನನ್ನನ್ನೇ ಕರೆದರು. ಇಂಗ್ಲಿಷಿನಲ್ಲಿತ್ತು. ಸಾಹೇಬರು ಕಂಡದ್ದು ಅಪರೂಪದ್ದಲ್ಲ, ಬೇರೆ ಬೇರೆ ಕಡೆಯಿಂದ ಬಂದ ಎರಡು ಸಾಮಾನ್ಯ ಗೆರೆಗಳು ಒಂದೇ ಜಾಗದಲ್ಲಿ ಹುಟ್ಟಿದಂತೆ ಕಂಡಿದ್ದವು, ಅಷ್ಟೇ. ಸುಳ್ಳು ಹೇಳಿಬಿಡಲೇ ಎನ್ನಿಸಿತು. ಆಗಲಿಲ್ಲ. ಇದ್ದದ್ದು ಹೇಳಿದೆ.

ಸಾಹೇಬರು ಪರದೆಯ ಮೇಲೆ ಬೆರಳಿಟ್ಟರು. “ಕೆಳಗೆ ಇನ್ನೂ ಎಂತೋ ಬರೆದಿದ್ದಾರಲ್ಲ?”

“‘ಆ ಗೆರೆಗಳು ಬಹಳ ಮಸುಕು. ನಿಮಗಿಂತ ಮೊದಲು ನೋಡಿದವರು ಯಾರೂ ಗುರುತಿಸಿರಲಿಲ್ಲ. ನಿಮ್ಮ ಕಣ್ಣು ಬಹಳ ಚುರುಕು’ ಅಂತ.”

“ಕಣ್ಣಿಂದು ಇನ್ನೊಂದ್ಸಲ ಓದಿ.”

ಮೂರು ಸಲ ಓದಿಸಿದರು. ನನಗೆ ನಗು ಬಂತು. ಚಹಾ ತಂದ ಅವರ ಹೆಂಡತಿಯ ಮುಖ ನೋಡಿ ನಗು ನಿಂತಿತು.

“ಇವರಿಗೆ ಕಣ್ಣು ಕಾಣಲ್ಲ ಅಂತ ಯಾರೋ ಹಬ್ಬಿಸಿದ್ದಾರೆ ಮೇಷ್ಟ್ರೇ,” ಎಂದರು ಮೆಲ್ಲಗೆ. “ವರ್ಷವಾಯ್ತು, ರಿಪೇರಿಗೆ ಒಂದು ವಾಚೂ ಬಂದಿಲ್ಲ.”

ದಿನವೂ ಆ ಅಂಗಡಿಯಲ್ಲಿ ಕೂರುತ್ತಿದ್ದ ನನಗೆ ಅದು ಗೊತ್ತೇ ಇರಲಿಲ್ಲ.

ಸಾಹೇಬರು ಒಂದು ಬಿಳಿ ಹಾಳೆ ಮುಂದಿಟ್ಟರು. “ಆ ಕಣ್ಣಿನ ಸಾಲು ಮಾತ್ರ ಕನ್ನಡದಲ್ಲಿ ಬರೆದುಕೊಡಿ ಮಾರಾಯ್ರೇ. ದಪ್ಪಕ್ಷರದಲ್ಲಿ.”

ಬರೆದುಕೊಟ್ಟೆ. ಅಂಗಡಿಯ ಗಾಜಿಗೆ ಅವರೇ ಅಂಟಿಸಿದರು, ಅಕ್ಷರ ರಸ್ತೆಯ ಕಡೆಗೆ ಇರುವಂತೆ.