ತಿರುಗುವ ಕಸಬರಿಗೆ ನೋಡಲು ಹೋದದ್ದು

ಸಿಟ್ಟು ಬರಬಾರದೆಂದು ದಿನವೂ ಲಿಂಗಪೂಜೆಗೆ ಕುಳಿತಾಗ ಬೇಡಿಕೊಳ್ಳುತ್ತೇನೆ. ಪೂಜೆ ಮುಗಿಯುವವರೆಗೆ ಬರುವುದಿಲ್ಲ. ದೇವರು ಅಷ್ಟಾದರೂ ನಡೆಸಿಕೊಟ್ಟಿದ್ದಾನೆ. ಲಿಂಗ ಅಂಗೈಯಿಂದ ಕೊರಳಿಗೆ ಹೋಗುವುದೇ ತಡ, ಸಿಟ್ಟು ಬರಿಸಲು ಯಾರಾದರೊಬ್ಬರು ಸಿದ್ಧರಾಗಿ ನಿಂತಿರುತ್ತಾರೆ. ಹೆಚ್ಚಾಗಿ ನಮ್ಮ ಯಜಮಾನರೇ.

ಕೊಳಕೂರಿನ ನಮ್ಮ ಮನೆಯ ಹಿಂದೆ ತೊಗರಿ ಒಣಗಿಸುವ, ಫರಸಿಕಲ್ಲು ಹಾಸಿದ ಕಣವಿದೆ. ಈ ತುದಿಯಿಂದ ಕೂಗಿದರೆ ಆ ತುದಿಯವರು “ಏನಂದಿ?” ಎನ್ನಬೇಕು, ಅಷ್ಟು ದೊಡ್ಡದು. ಮದುವೆಯಾಗಿ ಬಂದಾಗಿನಿಂದ ಅದನ್ನು ಗುಡಿಸುತ್ತಿರುವವಳು ನಾನು. ಅದೊಂದು ವರ್ಷ ಸೊಂಟ ಹಿಡಿದುಕೊಂಡಿತು. ಯಜಮಾನರಿಗೆ ಕರುಣೆ ಬಂತು. ನಮ್ಮ ಸಣ್ಣ ಟ್ರ್ಯಾಕ್ಟರಿಗೆ ಕಟ್ಟಬಹುದಾದ, ಗರಗರ ತಿರುಗಿ ಕಸ ಹೊಡೆಯುವ ಹಳೆಯ ಯಂತ್ರವೊಂದು ಜೇವರ್ಗಿಯ ಗುಜರಿ ಅಂಗಡಿಗೆ ಬಂದಿದೆಯೆಂದು ಕೇಳಿ, ಮೈದುನನೊಂದಿಗೆ ಟ್ರ್ಯಾಕ್ಟರ್ ಹತ್ತಿದರು. “ಕಸಬರಿಗಿ ತರಾಕ ಹೊಂಟೀರಿ, ಕಸಾ ಹೊಡಿಯಾಕಿನ್ನೇ ಬಿಟ್ಟು ಹೋಗ್ತೀರೇನು?” ಎಂದು ನಾನೂ ಹತ್ತಿದೆ.

ಅಲ್ಲಿ ಇಬ್ಬರೂ ಪರೀಕ್ಷೆ ಮಾಡಿದ ಚಂದ ನೋಡಬೇಕಿತ್ತು! ಬಣ್ಣ ನೋಡಿದರು, ಚೈನು ಎಳೆದರು, ತಗಡಿಗೆ ಬಡಿದು ಸಪ್ಪಳ ಕೇಳಿದರು, ಕಾಲಿನಿಂದ ಒದ್ದರು. ಗುಡಿಸುವ ಕಡ್ಡಿಗಳನ್ನು ಮಾತ್ರ ಒಬ್ಬರೂ ಮುಟ್ಟಲಿಲ್ಲ. ನಮ್ಮ ಅತ್ತೆ ಸಂತೆಯಲ್ಲಿ ಒಂದು ಕಸಬರಿಗೆ ಕೊಳ್ಳಬೇಕಾದರೆ ಹತ್ತನ್ನು ಅಂಗೈಗೆ ಒತ್ತಿ, ಜಾಡಿಸಿ, ತುದಿ ಸವರಿ, ಮಾರುವವಳ ಬಾಯಿಂದ ನಾಲ್ಕು ಬೈಗುಳ ಕೇಳಿಸಿಕೊಂಡೇ ಆರಿಸುತ್ತಿದ್ದರು. ಅವರ ಹೊಟ್ಟೆಯಲ್ಲೇ ಹುಟ್ಟಿದ ಗಂಡಸರಿವರು!

ಗುಜರಿಯವನು ಯಂತ್ರವನ್ನು ನಮ್ಮ ಟ್ರ್ಯಾಕ್ಟರಿಗೆ ಜೋಡಿಸಿ, ನೆಲದಿಂದ ಮೇಲೆತ್ತಿ ತಿರುಗಿಸಿದ. “ನೋಡ್ರಿ ಗೌಡ್ರ, ಹ್ಯಾಂಗ ತಿರಗಾಕತ್ತದ!”

“ಭಾಳ ಚಲೋ ಅದ,” ಎಂದರು ನಮ್ಮವರು.

ನನಗೆ ತಡೆಯಲಾಗಲಿಲ್ಲ. “ಮ್ಯಾಲೆತ್ತಿ ತಿರುಗಿಸಿದ್ರ ಏನ್ ತಿಳೀತದ್ರಿ? ನಾ ಏನು ಆಕಾಶದ ಕಸಾ ಹೊಡೀಬೇಕೇನು?”

“ನೀ ಸುಮ್ ನಿಂದ್ರು. ಮಿಶನ್ ಬಗ್ಗಿ ನಿನಗೇನ್ ಗೊತ್ತಾಗ್ತದ?”

ಮನೆಯಲ್ಲಿ ಕಸಬರಿಗೆ ಯಾವ ಮೂಲೆಯಲ್ಲಿರುತ್ತದೆಂದು ತಿಳಿಯದ ಮನುಷ್ಯ ಹೇಳಿದ ಮಾತಿದು! ಮೈಯೆಲ್ಲ ಉರಿಯಿತು. ಮಕ್ಕಳಿಗೆಂದು ಕೊಂಡಿದ್ದ ಹುರಿಗಡಲೆ ಪುಟಾಣಿಯ ಪೊಟ್ಟಣ ಬಿಚ್ಚಿ, ಅಂಗಡಿಯ ಮುಂದಿನ ಫರಸಿಯ ಮೇಲೆ ಅಷ್ಟನ್ನೂ ಚೆಲ್ಲಿದೆ. “ಕೆಳಗ ಇಳಸ್ರಿ. ಇದನ್ನ ಹೊಡೀರಿ ನೋಡೋಣು.”

ಯಂತ್ರ ಗರ್ಜಿಸುತ್ತ ಹೋಯಿತು. ಎರಡೂ ಬದಿ ಕನ್ನಡಿಯಂತೆ ಸ್ವಚ್ಛ. ನಡುವೆ ಮೊಳದಗಲ ಪುಟಾಣಿಗಳು ಪಂಕ್ತಿಗೆ ಕುಳಿತ ಜಂಗಮರಂತೆ ಅಲುಗಾಡದೆ ಕುಳಿತಿದ್ದವು. ಬಗ್ಗಿ ಕೈಹಚ್ಚಿ ನೋಡಿದರೆ ನಡುವಿನ ಕಡ್ಡಿಗಳೆಲ್ಲ ಸವೆದು ಗಿಡ್ಡಾಗಿದ್ದವು.

“ನಡುವ ಅಷ್ಟೇ ಸವದಾವ್ರಿ ಅಕ್ಕಾರ,” ಎಂದ ಗುಜರಿಯವನು.

“ಹಂಗಾರ ನಡುವ ಬಿದ್ದ ತೊಗರಿಗಿ, ಜರಾ ಬಾಜೂಕ ಸರೀರಿ ಅಂತ ನಾ ಕೈ ಮುಗೀಲೇನಪಾ?”

ಹೊಸ ಕಡ್ಡಿ ಎಲ್ಲೂ ಸಿಗುವುದಿಲ್ಲವೆಂದು ಅವನೇ ಒಪ್ಪಿಕೊಂಡ. ವ್ಯವಹಾರ ಅಲ್ಲಿಗೇ ಮುಗಿಯಿತು.

ದಾರಿಯುದ್ದಕ್ಕೂ ಯಜಮಾನರ ಹಿಗ್ಗು ಹೇಳತೀರದು. “ಕಸಬರಿಗಿ ವಿಷಯದಾಗ ನಮ್ಮಾಕಿನ್ನ ಯಾರೂ ಫಸಾಯಿಸಂಗಿಲ್ಲ!” ಎಂದು ಎದುರಾದವರಿಗೆಲ್ಲ ಸಾರಿದರು. ನಾನೂ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಕುಳಿತಿದ್ದೆ.

ಮರುದಿನ ಮುಂಜಾನೆ ಕಣ ಗುಡಿಸಲು ಬಗ್ಗಿದಾಗ ಸೊಂಟ ಚಳಕ್ಕೆಂದಿತು. ಬಗ್ಗಲು ಬರುತ್ತದಲ್ಲ, ಅದೂ ಶಿವನ ಕೃಪೆಯೇ ಎಂದುಕೊಂಡೆ. ಆದರೂ ಸಿಟ್ಟು ಇಳಿಯಲಿಲ್ಲ. ಗಂಡನನ್ನು ಬೈದೆ, ಮೈದುನನನ್ನು ಬೈದೆ, ಗುಜರಿಯವನನ್ನೂ ಬಿಡಲಿಲ್ಲ. ಬದಿ ಮುಗಿದು ನಡುವಿನ ಮೊಳದಗಲ ಉಳಿದಾಗ ಹೊಳೆಯಿತು: ಯಂತ್ರ ಕೊಂಡಿದ್ದರೆ ನನ್ನ ಪಾಲಿಗೆ ಇಷ್ಟೇ ಉಳಿಯುತ್ತಿತ್ತು. ಅದನ್ನು ತಪ್ಪಿಸಿದವರನ್ನೂ ಬೈಯೋಣವೆಂದರೆ, ಪುಟಾಣಿ ಚೆಲ್ಲಿದ ಕೈ ನನ್ನದೇ.