ಕಾಕಾನ ಸೈಲೆನ್ಸರ್

ನಮ್ಮ ಕಾಕಾ ಊರಂಚಿನ ಕಾತ್ರಜದಲ್ಲಿ ಕಾರು ಚಾಲೂ ಮಾಡಿದರೆ ಪುಣೆಯ ಪೇಟೆಗಳಲ್ಲಿ ಕಿಟಕಿ ಅದುರುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ಬಿಡಿ, ನೀವೇನು ಅವರ ತಲೆಯ ಮೇಲಿನ ಮಹಡಿಯಲ್ಲಿ ಸಂಸಾರ ಮಾಡಿದವರೇ? ಮಾಡಿದವನು ನಾನು!

ಕಾಕಾ ಬಟ್ಟೆ ವ್ಯಾಪಾರಿ. ಅರವತ್ತು ದಾಟಿದ ವಯಸ್ಸು, ಧೋತರ, ಕರಿ ಟೋಪಿ. ಪೂಜೆಯ ಗಂಟೆಯನ್ನೂ ಮೆಲ್ಲಗೆ ಬಾರಿಸುವ ಮನುಷ್ಯ. ಇಂಥವರು ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಅದರ ಒಳ್ಳೆಯ ಸೈಲೆನ್ಸರ್ ಕಿತ್ತೊಗೆದು, ಕಾಲೇಜು ಹುಡುಗರು ಮೆರೆಯಲು ಹಾಕಿಸುವಂಥದ್ದನ್ನು ಹಾಕಿಸುವುದೆಂದರೇನು? ಅದಕ್ಕೆ ಸೈಲೆನ್ಸರ್ ಎಂದು ಹೆಸರಿಟ್ಟವನನ್ನು ಅದರ ಹಿಂದೆಯೇ ಕೂರಿಸಬೇಕು!

ಅವರು ಊಟಕ್ಕೆ ಬರುವುದಾದರೂ ಯಾವಾಗ? ಮಧ್ಯಾಹ್ನ, ಪುಣೆಗೆ ಪುಣೆಯೇ ಅಂಗಡಿ ಮುಚ್ಚಿ ಮಲಗುವ ಹೊತ್ತಿಗೆ! ಇಲ್ಲಿ ಮಧ್ಯಾಹ್ನದ ನಿದ್ದೆ ಕೆಡಿಸಿದವನಿಗೆ ಕ್ಷಮೆಯಿಲ್ಲ. ಸೊಸೈಟಿಯ ಸೆಕ್ರೆಟರಿ ನಾನು, ಬೈಗುಳವೆಲ್ಲ ನನಗೆ. ಒಂದು ದಿನ ರೇಗಿಯೇಬಿಟ್ಟೆ.

“ಕಾಕಾ, ಇದೇನು ಕಾರೋ, ಹಿಟ್ಟಿನ ಗಿರಣಿಯೋ? ಎಲ್ಲಾರೂ ಆವಾಜದ ಬಗ್ಗೆ ಮಾತಾಡ್ಲಿಕ್ಕತ್ತಾರ್ರಿ!”

“ಯಾಕಪಾ, ಕಮ್ಮಿ ಆತೇನು?”

ಕಮ್ಮಿಯಂತೆ! ಮುಂದಿನ ವಾರ ಅದಕ್ಕಿಂತ ಜೋರಿನದನ್ನು ಹಾಕಿಸಿಕೊಂಡು ಬಂದರು. ಕೇಳಿದರೆ, “ನನಗ ಹೌಸಿ ಅದಪಾ” ಎಂದರು. ಹೌಸಿಯಂತೆ, ಈ ವಯಸ್ಸಿನಲ್ಲಿ ಶೋಕಿ!

ಅವರು ಖರೀದಿಗೆಂದು ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದಾಗ ನಾನು ಕಾರನ್ನು ಗ್ಯಾರೇಜಿಗೆ ಒಯ್ದು, ಉಸಿರೆತ್ತದ ಸೈಲೆನ್ಸರ್ ಹಾಕಿಸಿಬಿಟ್ಟೆ. ಅವರು ಮರಳಿದ ಮೇಲೆ, ಮೊದಲ ಮಧ್ಯಾಹ್ನದ ತಮಾಷೆ ನೋಡಲು ಕೆಳಗಿಳಿದು ಅವರ ಅಡುಗೆಮನೆಯಲ್ಲಿ, ಕಾಕಾನ ಹೆಂಡತಿ ಕಾಕು ಎದುರಿಗೆ ಕುಳಿತೆ. ಕಾರು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಕಾಕು ಜೋಳದ ಹಿಟ್ಟು ನಾದಿಟ್ಟು ಸುಮ್ಮನೆ ಕುಳಿತಿದ್ದರು.

“ನಿಮ್ಮ ಕಾಕಾ ಇನ್ನೂ ಬರವಲ್ರು ನೋಡು. ಅವರ ಗಾಡಿ ಸಪ್ಪಳ ಕೇಳಿದ ಮ್ಯಾಲನ ನಾ ಹಂಚ ಇಡೂದು. ಅವರು ಕೈಕಾಲು ತೊಳಕೊಳ್ಳೂದ್ರಾಗ ಬಿಸಿ ರೊಟ್ಟಿ ತಾಟಿಗೆ ಬೀಳಬೇಕು.”

ಕಾಕುವಿನ ಬೆನ್ನ ಹಿಂದೆಯೇ, ಬಾಗಿಲಲ್ಲಿ ಕಾಕಾ ನಿಂತಿದ್ದರು. “ಬಂದೇನಿ” ಎಂದರು. ಕಾಕು ತಿರುಗಲಿಲ್ಲ. ಕಾಕಾ ಇನ್ನೂ ಜೋರಾಗಿ ಅಂದರು. ಊಹೂಂ!

ಕಾಕಾ ನನ್ನನ್ನು ಕಣ್ಸನ್ನೆಯಿಂದ ಹೊರಗೆ ಕರೆದರು.

“ಕಿವಿ ಹೊಂಟಾವಪಾ ಆಕಿವು. ಎದುರಿಗೆ ಕೂತು ಮಾತಾಡಿದ್ರ ತುಟಿ ನೋಡಿ ತಿಳಕೋತಾಳ. ಹಿಂಗಾಗಿ ಆಕಿಗೇ ಇನ್ನೂ ಖಬರಿಲ್ಲ. ನನಗ ಆರಿದ ರೊಟ್ಟಿನೂ ನಡೀತದ. ಆದ್ರ ನಾ ಬಂದದ್ದು ಕೇಳಲಿಲ್ಲಂದ್ರ ಆಕಿ ಭಾಳ ಕುಗ್ಗತಾಳೋ.”

ಹೀಗೆಂದವರೇ ಕಾರಿನಿಂದ ನಟ್ಟು ತಿರುಗಿಸುವ ಪಾನಾ ತೆಗೆದು, ಧೋತರ ಎತ್ತಿ ಕಟ್ಟಿ, ನೆಲಕ್ಕೆ ಮಂಡಿಯೂರಿದರು. ನನಗೆ ತಡೆಯಲಾಗಲಿಲ್ಲ. ಅವರ ಕೈಯಿಂದ ಪಾನಾ ಕಸಿದುಕೊಂಡು ನಾನೇ ಕಾರಿನಡಿ ತೂರಿದೆ. ಬೆರಳು ಸುಟ್ಟುಕೊಳ್ಳುತ್ತ ನಟ್ಟು ಬಿಚ್ಚಿ ಸೈಲೆನ್ಸರನ್ನೇ ಕಳಚಿ ಹಾಕಿದೆ.

ಕಾಕಾ ಕಾರು ಚಾಲೂ ಮಾಡಿದರು. ಅಬ್ಬಾ, ಅದೇನು ಆರ್ಭಟ! ನಿದ್ದೆಗೆಟ್ಟ ಇಡೀ ಕಟ್ಟಡ ಬಾಲ್ಕನಿಗೆ ಬಂದು, “ಸೆಕ್ರೆಟರೀ!” ಎಂದು ಅರಚಿತು. “ಮಲಕ್ಕೊಳ್ರಿ ಸುಮ್ನ!” ಎಂದು ನಾನೂ ಅರಚಿದೆ, ಕನ್ನಡದಲ್ಲೇ.

ಕಾಕಾ ಎಂಜಿನ್ ನಿಲ್ಲಿಸಿ ಕಿವಿಗೊಟ್ಟರು. ಅಡುಗೆಮನೆಯ ಕಿಟಕಿಯಿಂದ ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು.